ಗುಬ್ಬಿಯ ಎಲಿ ಹೊಲಿದ ಯಮನವ್ವ

ಭಾಳ ಹಿಂದಕ, ನಮ್ಮಜ್ಜಿಯ ಅಜ್ಜಿಗೆ ಇನ್ನ ಹಾಲಹಲ್ಲು ಬಂದಿರದ ಕಾಲಕ್ಕ, ಹೊಳಿ ಈಚಿ ದಂಡಿ ಮ್ಯಾಲ ಒಂದೂರು ಇತ್ತಂತ. ಊರಿನ ಹೆಸರು ಮಾತ್ರ ಕೇಳಬ್ಯಾಡ್ರಿ. ಹೇಳಿದೆ ಅಂದ್ರ ಉಳಿದ ನಾಕೂರಿನವರು ನನ್ನ ಬಾಗಲಕ ಬಂದು ಜಗಳ ತಗೀತಾರ. ಐದೂರಿನವರೂ ಯಮನವ್ವ ನಮ್ಮೂರಿಗೇ ಬಂದಿದ್ಲು, ಇದೆಲ್ಲ ನಮ್ಮೂರಾಗ ಆದದ್ದು ಅಂತಾರ. ಅನ್ನಲಿ ಬಿಡ್ರಿ. ಅಕಿ ಹೋಗದ ಊರು ಯಾವುದಿತ್ತು?

ಯಮನವ್ವ ಅಂದ್ರ ಕೌದಿ ಹೊಲಿಯಾಕಿ. ಹರದ ಸೀರಿ, ಸವದ ಧೋತರ, ಸಣ್ಣಾದ ಅಂಗಿ, ಏನಿದ್ರೂ ಕೊಡ್ರಿ, ಒಂದರ ಮ್ಯಾಲ ಒಂದು ಹಾಸಿ, ಮ್ಯಾಲ ಬಣ್ಣಬಣ್ಣದ ತುಂಡು ಇಟ್ಟು, ಅಂಚಿನಿಂದ ನಡಕ ಸಾಲುಸಾಲು ಹೊಲಕೋತ ಬರತಿದ್ಲು. ಅಕಿ ಹೊಲದ ಸಾಲಿನ ಮ್ಯಾಲ ಇರಿವಿ ಬಿಟ್ರ ಅದು ದಾರಿ ತಪ್ಪದ ಈ ತುದಿಯಿಂದ ಆ ತುದಿಗೆ ಹೋಗತಿತ್ತಂತ. ಅಕಿ ಕೌದಿ ಹೊದ್ದರ ಚಳಿಜ್ವರ ಇಳೀತಿತ್ತಂತ. ಜ್ವರದ ಮಾತು ನಾ ನಂಬಂಗಿಲ್ಲ. ಹೊಲಿಗಿ ಮಾತ್ರ ಖರೆ. ಅಕಿದೇ ಅಂತ ಹೇಳಿ ಒಂದು ಹರಕು ತುಂಡು ನನಗ ಸಣ್ಣಾಕಿದ್ದಾಗ ತೋರಿಸಿದ್ರು, ಅರಿವಿ ಸವದು ಹೋಗಿತ್ತು, ಹೊಲಿಗಿ ಹಂಗ ಇತ್ತು.

ಆದ್ರ ಅಕಿ ಒಂದ್ಕಡೆ ಕುಂತಾಕಿ ಅಲ್ಲ. ಕಾಲಿಗೆ ಚಕ್ರ ಕಟಗೊಂಡು ಹುಟ್ಟಿದ್ಲಂತ. ಯಾವ ಮನ್ಯಾಗೂ ಎಂಟು ದಿನಕ್ಕ ಹೆಚ್ಚಿಗಿ ಇರತಿದ್ದಿಲ್ಲ. ಎಂಟು ದಿನದಾಗ ಕೌದಿ ಮುಗೀಬೇಕು, ಮುಗಿದ ದಿನ ಮನಿಯವರು ಹೋಳಿಗಿ ಮಾಡಬೇಕು, ಒಂದು ಚೂರು ಹೋಳಿಗಿ ಕೌದಿ ಮಡಿಕಿ ಒಳಗ ಇಟ್ಟು ಕೊನೀ ಗೇಣು ಹೊಲೀಬೇಕು. ಕೌದಿ ಹಸದಿರಬಾರದು, ಹಸದಿದ್ರ ಹೊದ್ದವರಿಗೂ ಹಸಿವಿ ಬರತೈತಿ ಅಂತ ಕೌದಿ ಹೊಲಿಯೋರ ಪದ್ಧತಿ. ಅಷ್ಟಾತು ಅಂದ್ರ ಯಮನವ್ವ ಚೀಲ ಹೆಗಲಿಗೆ ಹಾಕ್ಕೊಂಡು ಹೊಂಟಳಂತ ತಿಳೀರಿ. ಯಾಕವಾ ಇಷ್ಟು ಅವಸರ ಅಂತ ಕೇಳಿದ್ರ, ಒಂಬತ್ತನೇ ದಿನ ಕಾಲಾಗ ಇರಿವಿ ಹರದಂಗ ಆಗತೈತಿ ಅಂತಿದ್ಲಂತ. ಗಂಡ ಬಿಟ್ಟಿದ್ನಂತ ಅಂತ ಕೆಲವರು ಹೇಳ್ತಾರ. ಅಕೀನ ಗಂಡನ್ನ ಬಿಟ್ಟಿದ್ಲಂತ ಅಂತ ಉಳಿದವರು ಹೇಳ್ತಾರ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾ ಹೇಳಂಗಿಲ್ಲ.

ಒಂದು ಮಳಿಗಾಲಕ್ಕ ಆ ಊರಿನ ಗಾಣಿಗೇರ ಮನಿಯವರು ಅಕಿನ್ನ ಕರಸಿದ್ರಂತ. ಎಣ್ಣಿ ಗಾಣ ಇದ್ದ ಮನಿ, ದೊಡ್ಡ ಹಿತ್ತಲ. ಆ ಮನಿ ಸೊಸಿ ನಿಂಬೆವ್ವ. ಪಾಪ, ಎರಡು ಹಡದಿದ್ಲು, ಎರಡೂ ನಿಂತಿರಲಿಲ್ಲ. ಒಂದು ಮೂರು ದಿನಕ್ಕ ಹೋತು, ಒಂದು ಹೆಸರಿಡೂದರೊಳಗ ಹೋತು. ಈಗ ಮೂರನೇದು, ಎಂಟು ತಿಂಗಳು ತುಂಬಿತ್ತು. ಮಕ್ಕಳು ನಿಂತ ಮನಿಗಳಿಂದ ಹಳೇ ಅರಿವಿ ಬೇಡಿ ತಂದು ಕೌದಿ ಹೊಲಿಸಿ, ಆ ಕೌದಿ ಮ್ಯಾಲ ಕೂಸು ಮಲಗಿಸಿದ್ರ ಅದು ನಿಲ್ಲತೈತಿ ಅಂತ ಅತ್ತಿ ಚೆನಬಸವ್ವ ಇಪ್ಪತ್ತೊಂದು ಮನಿ ತಿರಗಿ ಅರಿವಿ ತಂದಿದ್ಲು. ಇಂಥಾ ಕೌದಿ ಹೊಲಿಯಾಕ ಯಮನವ್ವನ ಕೈ ಆಗಬೇಕು ಅಂತ ಊರವರ ಮಾತು.

ಯಮನವ್ವ ಬಂದ್ಲು, ಹಿತ್ತಲದಾಗ ಅಂಜೂರಿ ಗಿಡದ ಬಾಜೂಕ ಚಾಪಿ ಹಾಸಿದ್ಲು, ಹೊಲಿಯಾಕ ಕುಂತ್ಲು. ಅಲ್ಲಿಂದ ಶುರು ಆತು ನೋಡ್ರಿ ಕಳ್ಳತನ. ಸಣ್ಣ ದಾರದ ತುಂಡು ಇಟ್ಟಲ್ಲೆ ಮಾಯ. ಹಿಂಜಿ ಇಟ್ಟ ಹತ್ತಿ ಮಾಯ. ಮನಿಯವರ ಮ್ಯಾಲ ಸಂಶಯ ಪಟ್ಟು ಯಮನವ್ವ ಗೊಣಗಿದ್ಲಂತ. ಆಮ್ಯಾಲ ನೋಡಿದ್ರ ಕಳ್ಳಿ ಹೆಬ್ಬಟ್ಟಿನಷ್ಟ ಇದ್ಲು. ಎಲಿ ಹೊಲದು ಗೂಡು ಕಟ್ಟೂ ಸಿಂಪಿಗ ಗುಬ್ಬಿ!

ನೀವೆಲ್ಲ ನೋಡೀರಿ ಅದನ್ನ. ನೋಡಿಲ್ಲ ಅಂದ್ರ ಕೇಳೀರಂತೂ ಹೌದು. ಬೆನ್ನು ಹಸರು, ತಲಿ ಮ್ಯಾಲ ಇಟ್ಟಂಗಿ ಬಣ್ಣದ ಟೊಪ್ಪಿಗಿ, ಬಾಲ ಯಾವಾಗಲೂ ಸೆಟದು ಮ್ಯಾಲ. ಮೈ ಇಷ್ಟ, ಗಂಟಲ ಅಷ್ಟು. ಟುವ್ವಿ ಟುವ್ವಿ ಟುವ್ವಿ ಅಂತ ನಸಿಕಿನಿಂದ ಹಚ್ಚಿತು ಅಂದ್ರ ಗಾಣದ ಕಿರಗುಟ್ಟೂ ಸಪ್ಪಳಾನೂ ಅದರ ಮುಂದ ಸಣ್ಣದಾಗತಿತ್ತು. ಒಂದು ಉಸರು ಹಿಡಿಯೂ ಹೊತ್ತು ಒಂದ ಟೊಂಗಿ ಮ್ಯಾಲ ಕೂಡಂಗಿಲ್ಲ. ಇಲ್ಲಿ ಹುಳ ಹಿಡೀತು, ಅಲ್ಲಿ ಜಿಗೀತು, ಎಲಿ ಕೆಳಗ ನುಸುಳಿತು, ಬಚ್ಚಲ ಕಲ್ಲಿನ ಮ್ಯಾಲ ಬಂತು, ಹೋತು. ಯಮನವ್ವ ಅದನ್ನ ನೋಡಿ, ನನಗಿಂತ ತಿರುಗಾಕಿ ಒಬ್ಬಾಕಿ ಸಿಕ್ಕಳಲ್ಲ ಅಂತ ನಕ್ಕಿದ್ಲಂತ. ನಕ್ಕು ದಾರ ಮುಚ್ಚಿಟ್ಲು. ಗೂಡು ಎಲ್ಲೈತಿ ಅಂತ ಮಾತ್ರ ನೋಡಲಿಲ್ಲ. ನೋಡೂವಷ್ಟು ತಾಳ್ಮಿ ಅಕಿಗೆ ಎಲ್ಲಿತ್ತು?

ಎಂಟನೇ ದಿನ ಆತು. ಕೌದಿ ಒಂದು ಗೇಣು ಉಳದಿತ್ತು. ಒಳಗ ಹೋಳಿಗಿಗೆ ಬ್ಯಾಳಿ ಕುದೀತಿತ್ತು. ಯಮನವ್ವನ ಮನಸ ಆಗಲೇ ಮುಂದಿನ ಊರಿನ ದಾರಿ ಹಿಡದಿತ್ತು. ಕೌದಿ ಮ್ಯಾಲಿನ ಧೂಳ ಝಾಡಸಬೇಕು ಅಂತ ಎದ್ದು, ಅವಸರಲೆ ಎರಡೂ ಕೈಲೆ ಹಿಡದು ಫಡ್ ಅಂತ ಝಾಡಿಸಿದ್ಲು. ಕೌದಿ ಚುಂಗು ಹೋಗಿ ಅಂಜೂರಿ ಗಿಡಕ್ಕ ಬಡೀತು. ಎರಡು ಎಲಿ ಸೇರಿಸಿ ಹೊಲದು, ಒಳಗ ಹತ್ತಿ ಹಾಸಿದ್ದ ಗೂಡು ಅಲ್ಲೇ ಇತ್ತು. ಹೊಲಿಗಿ ಬಿಚ್ಚಿತು, ಎಲಿ ಜೋತುಬಿತ್ತು. ಮೂರು ತತ್ತಿಯೊಳಗ ಒಂದು ಕೆಳಗ ಕಲ್ಲಿನ ಮ್ಯಾಲ ಬಿದ್ದು ಒಡೀತು, ಉಳಿದ ಎರಡು ಹತ್ತಿಯೊಳಗ ಸಿಕ್ಕೊಂಡು ಉಳದುವು.

ಹಿತ್ತಲ ಬಾಗಲದಾಗ ನಿಂಬೆವ್ವ ನಿಂತಿದ್ಲು. ಅಕಿ ಮೊದಲಿಂದ ಆ ಗೂಡು ನೋಡಿದ್ಲು, ಯಾರಿಗೂ ಹೇಳಿರಲಿಲ್ಲ. ಹೆಣ್ಣು ಗುಬ್ಬಿ ಎಲಿ ಅಂಚಿಗೆ ಚುಂಚಿಲೆ ತೂತು ಹಾಕೂದು, ದಾರ ಎಳಿಯೂದು, ಗಂಡು ಗುಬ್ಬಿ ಮ್ಯಾಲಿನ ಟೊಂಗಿ ಮ್ಯಾಲ ಕುಂತು ಒದರೂದು, ದಿನಕ್ಕೊಂದು ತತ್ತಿ ಬರೂದು, ಎಲ್ಲಾ ಬಾಗಲದಾಗ ಕುಂತು ನೋಡಿದ್ಲು. ನೋಡಿ ಮನಸಿನ್ಯಾಗ ಒಂದು ಗಂಟು ಹಾಕ್ಕೊಂಡಿದ್ಲು, ಇವು ಮರಿಯಾಗಿ ಹಾರಿದ್ರ ನನ್ನ ಕೂಸು ನಿಲ್ಲತೈತಿ ಅಂತ. ಎರಡು ಕೂಸು ಕಳಕೊಂಡಾಕಿ ಏನಕ್ಕ ಗಂಟು ಹಾಕ್ಕೋತಾಳ, ಏನಕ್ಕ ಬಿಡತಾಳ, ನೀವು ನಗಬ್ಯಾಡ್ರಿ. ಒಡದ ತತ್ತಿ ನೋಡಿ ಅಕಿ ಅಳಲಿಲ್ಲ, ಬೈಲಿಲ್ಲ. ಹೊಟ್ಟಿ ಮ್ಯಾಲ ಕೈ ಇಟಗೊಂಡು ಇಷ್ಟ ಅಂದ್ಲಂತ.

“ಅವು ಹೋದ್ರ ಇದೂ ಹೋಗತೈತಿ.”

ಅಂದು ಒಳಗ ಹೋಗಿ ಮಲಗಿದ್ಲು. ಹೋಳಿಗಿ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ.

ಯಮನವ್ವ ಗಿಡದ ಕಡೆ ತಿರುಗಿದ್ಲು. ಲಗುಲಗು ಸಣ್ಣ ಸೂಜಿ ತಗದ್ಲು, ಎಲಿ ಅಂಚು ಕೂಡಿಸಿದ್ಲು, ತನ್ನ ಕೈಚಳಕ ಎಲ್ಲಾ ಹಾಕಿ ಹೊಲದ್ಲು. ಒತ್ತೊತ್ತಾಗಿ, ಬಿಗಿಬಿಗಿಯಾಗಿ, ಒಂದ ದಾರಲೆ ಕೌದಿ ಹೊಲದಂಗ ಸಾಲು ಹಾಕಿದ್ಲು. ಎಂಥಾ ಚೊಲೊ ಹೊಲಿಗಿ ಅಂತೀರಿ! ಚೆನಬಸವ್ವನೂ ಬಂದು ನೋಡಿ ಹೌದ್ಹೌದು ಅಂದ್ಲಂತ. ಮಧ್ಯಾಹ್ನಕ್ಕ ಗಾಳಿ ಬಿಟ್ಟಿತು. ಎಲಿ ಒಂದೆರಡು ಸರತಿ ತೂಗಾಡಿತು, ಒತ್ತಾಗಿ ಚುಚ್ಚಿದ ತೂತಿನ ಸಾಲಿಗುಂಟ ಪರ್ ಅಂತ ಹರಕೋತ ಹೊಂಟಿತು. ಅರಿವಿ ಹೊಲಿಯೂ ಕೈ ಎಲಿಗೆ ನಡೀಲಿಲ್ಲ. ಎಲಿ ಜೀವಂತ ಇರತೈತಿ, ಅದಕ್ಕ ಅಲಗಾಡಾಕ ಜಾಗ ಬೇಕು. ಇದು ಯಮನವ್ವಗ ಗೊತ್ತಿರಲಿಲ್ಲ.

ಆಗ ಜೀವಮಾನದಾಗ ಮೊದಲನೇ ಸರತಿ ಅಕಿ ಸುಮ್ಮ ಕುಂತು ನೋಡಿದ್ಲಂತ. ಗುಬ್ಬಿ ಹೊಲದದ್ದು ಒಂದು ಕಡೆ ಇನ್ನ ಉಳದಿತ್ತು. ಮೂಗು ಹತ್ತತೈತಿ ಅನ್ನೂವಷ್ಟು ಹತ್ತರ ಹೋಗಿ ನೋಡಿದ್ಲು. ಸಾಲು ಇಲ್ಲ, ಗಂಟಿಲ್ಲ, ಉದ್ದ ದಾರ ಇಲ್ಲ. ಒಂದು ತೂತು, ಅದರೊಳಗ ಒಂದ ತುಂಡು ನೂಲು, ಹೊರಗ ಬಂದ ತುದಿ ಹಿಂಜಿ ಉಬ್ಬಿಸಿತ್ತು, ಅದಕ್ಕ ಅದು ಹಿಂದಕ ಜಾರಂಗಿಲ್ಲ. ಮತ್ತ ಅಷ್ಟು ದೂರಕ್ಕ ಇನ್ನೊಂದು. ಒಂದಕ್ಕೊಂದು ಸಂಬಂಧ ಇಲ್ಲ. ಒಂದು ಹೋದ್ರ ಇನ್ನೊಂದು ಹಿಡಕೊಂಡಿರತೈತಿ. ಯಮನವ್ವ ತನ್ನ ಹೊಲಿಗಿ ಎಲ್ಲಾ ಬಿಚ್ಚಿದ್ಲು. ಹರದ ಜಾಗ ಬಿಟ್ಟು, ಇನ್ನೊಂದು ಎಲಿ ಬಗ್ಗಿಸಿ ತಂದು, ಗುಬ್ಬಿಯಂಗ ಒಂದೊಂದ ಹೊಲಿಗಿ, ಸಡ್ಲ, ತುದಿ ಹಿಂಜಿ, ಗಂಟು ಹಾಕದ ಹೊಲದ್ಲು. ಒಂದೊಂದು ತೂತು ಹಾಕೂಮುಂದ ಗುಬ್ಬಿ ಹೊಲಿಗಿ ಕಡೆ ಮತ್ತ ಮತ್ತ ನೋಡಿಕೋತಿದ್ಲಂತ. ಸಾವಿರ ಕೌದಿ ಹೊಲದ ಕೈ ಅದು.

ಹೊಲದು ದೂರ ಸರದ್ಲು. ಗುಬ್ಬಿಗಳು ಎರಡೂ ಬಂದುವು, ಒದರಿದುವು, ಹೋದುವು, ಮತ್ತ ಬಂದುವು. ಹೆಣ್ಣು ಟೊಂಗಿಗೆ ಕೂಡೂದು, ಏಳೂದು. ಹೊತ್ತು ಇಳೀತು, ತತ್ತಿ ತಣ್ಣಗಾದ್ರ ಮುಗೀತು. ಯಮನವ್ವ ಗ್ವಾಡಿ ಮರಿಗೆ ನಿಂತು ಸೆರಗು ಕಚ್ಚಿಕೊಂಡಿದ್ಲು. ಕಡೀಕ ಹೆಣ್ಣು ಗುಬ್ಬಿ ಗೂಡಿನ ಅಂಚಿಗೆ ಬಂತು, ಯಮನವ್ವನ ಒಂದು ಹೊಲಿಗಿ ಚುಂಚಿಲೆ ಎಳದು ನೋಡಿತು, ಸರಿ ಕಾಣಲಿಲ್ಲೇನೋ, ತಾನ ಒಂದು ಎಳಿ ಸೇರಿಸಿ ತಿದ್ದಿತು, ಒಳಗ ಇಳದು ಕುಂತಿತು. ಬಾಲ ಒಂದ ಹೊರಗ ಕಾಣತಿತ್ತು. ಯಮನವ್ವ ಒಳಗ ಹೋಗಿ ನಿಂಬೆವ್ವಗ ಹೇಳಿದ್ಲು. ನಿಂಬೆವ್ವ ಎದ್ದು ಕುಂತು ನಾಕು ತುತ್ತು ಉಂಡ್ಲು.

ಈಗ ಯಮನವ್ವಗ ಬಂತು ನೋಡ್ರಿ ಪೇಚಾಟ. ಹೋಗಬೇಕು, ಹೋಗಂಗಿಲ್ಲ. ಒಂಬತ್ತನೇ ದಿನ ಚೀಲ ಹೆಗಲಿಗೆ ಹಾಕ್ಕೊಂಡು ಊರ ಅಗಸಿ ಬಾಗಲತನಕ ಹೋದ್ಲು, ಟುವ್ವಿ ಟುವ್ವಿ ಅನ್ನೂದು ಕೇಳಿತು, ತಿರುಗಿ ಬಂದ್ಲು. ಹತ್ತನೇ ದಿನಾನೂ ಹಂಗ ಮಾಡಿದ್ಲು. ಅಗಸಿ ಕಟ್ಟಿ ಮ್ಯಾಲ ಕುಂತವರು, ಏನವಾ ಯಮನವ್ವ, ಅಗಸಿ ಅಳತಿ ಮಾಡಾಕತ್ತೀ ಏನು ಅಂತ ಚ್ಯಾಷ್ಟಿ ಮಾಡಿದ್ರಂತ. ಕೌದಿ ಮುಗದ ಮ್ಯಾಲ ಹೊಲಿಯಾಕಿ ಮನ್ಯಾಗ ಇರೂ ಹಂಗಿಲ್ಲ, ಅದು ಪದ್ಧತಿ. ಅದಕ್ಕ ಅಕಿ ಆ ಕೊನೀ ಗೇಣು ಹೊಲೀದ ಹಂಗ ಬಿಟ್ಲು. ಚೆನಬಸವ್ವ ಕೇಳಿದ್ರ ದಾರ ಸರಿ ಇಲ್ಲ ಅಂತಿದ್ಲು, ಬೆಳಕು ಸರಿ ಇಲ್ಲ ಅಂತಿದ್ಲು.

ಹನ್ನೆರಡು ದಿನ ತತ್ತಿ ಕಾದ್ಲು. ಕುಂತು ಕಾಯೂದು ಅಕಿ ಕಡಿಂದ ಆಗಲಿಲ್ಲ, ತಿರಗತಿರಗತ ಕಾದ್ಲು. ಗಿಡದ ಸುತ್ತ ತಿರಗಿ ತಿರಗಿ ಅಲ್ಲಿ ಹುಲ್ಲು ಸತ್ತು ಹೋಗಿತ್ತಂತ. ಬೆಕ್ಕು ಬಂದ್ರ ಓಡಿಸಿದ್ಲು, ಓತಿಕ್ಯಾತ ಬಂದ್ರ ಓಡಿಸಿದ್ಲು. ಎರಡೂ ತತ್ತಿ ಒಡದು ಮರಿ ಆದುವು. ಮೈಮ್ಯಾಲ ಒಂದು ಪುಕ್ಕಿಲ್ಲ, ಕಣ್ಣು ತಗದಿಲ್ಲ, ಬರೇ ಬಾಯಿ. ಅವ್ವ ಅಪ್ಪ ಎರಡೂ ನಸಿಕಿನಿಂದ ಸಂಜೀತನಕ ಹುಳ ತಂದು ತಂದು ಆ ಬಾಯಿಗೆ ಹಾಕೂದು, ಹೋಗೂವಾಗ ಮರಿ ಮಾಡಿದ ಹೊಲಸು ಚುಂಚಿನ್ಯಾಗ ಹಿಡದು ದೂರ ಒಯ್ದು ಚೆಲ್ಲೂದು. ಯಮನವ್ವ ಅದನ್ನೆಲ್ಲ ಬಂದು ನಿಂಬೆವ್ವಗ ಹೇಳತಿದ್ಲು. ಇವತ್ತು ಕಣ್ಣು ತಗದುವು, ಇವತ್ತು ಪುಕ್ಕ ಮೂಡಿದುವು. ಅದನ್ನ ಕೇಳಿ ನಿಂಬೆವ್ವ ಉಣತಿದ್ಲು. ಕೇಳದಿದ್ರ ಉಣತಿದ್ದಿಲ್ಲ.

ನಡುವ ಒಂದು ಜಗಳಾನೂ ಆತು. ರತ್ನಪಕ್ಷಿ ಗೊತ್ತಲ್ಲ, ಕರೀ ಮೈ, ಕೆಂಪು ರೆಕ್ಕಿ, ಕಂಡ್ರ ಶುಭ ಅಂತ ನಾವು ಕೈ ಮುಗೀತೀವಿ. ಅದು ಬೇಲಿ ಮ್ಯಾಲ ಬಂದು ಕುಂತಿತು. ಚೆನಬಸವ್ವ ಎರಡೂ ಕೈ ಜೋಡಿಸಿ, ನಮ್ಮ ಹಿತ್ತಲಕ ಭಾಗ್ಯ ಬಂತು ಅಂತ ನಿಂತ್ಲು. ಯಮನವ್ವ ಮಣ್ಣಿನ ಹೆಂಟಿ ತಗೊಂಡು ಬೀಸಿ ಒಗದ್ಲು. ಯಾಕಂದ್ರ ಆ ಭಾಗ್ಯವಂತ ಪಕ್ಷಿ ಗೂಡು ಹರದು ಮರಿ ತಿಂತೈತಿ. ಚೆನಬಸವ್ವ ಮೂರು ದಿನ ಅಕಿ ಕೂಡ ಮಾತಾಡಲಿಲ್ಲ. ನನ್ನ ಮೊಮ್ಮಗನ ಭಾಗ್ಯಕ್ಕ ಕಲ್ಲು ಒಗದ್ಲು ಅಂತ ಓಣಿ ತುಂಬ ಹೇಳಿಕೋತ ತಿರಗಿದ್ಲು.

ಮರಿ ಆಗಿ ಹದಿಮೂರು ದಿನ ಆಗಿತ್ತು. ನಾಳೆ ಹಾರತಾವ, ನಾಡದು ಹಾರತಾವ ಅನ್ನೂ ಹೊತ್ತು. ಗೂಡಿನ ಅಂಚಿಗೆ ಬಂದು ರೆಕ್ಕಿ ಬಡದು ನೋಡತಿದ್ದುವು. ಅವತ್ತು ಮುಂಜಾನಿ ನಿಂಬೆವ್ವಗ ಬ್ಯಾನಿ ಶುರು ಆತು. ಸೂಲಗಿತ್ತಿ ಬಂದ್ಲು. ಮಧ್ಯಾಹ್ನ ಆದ್ರೂ ಹೆರಿಗಿ ಆಗವಲ್ದು. ನಿಂಬೆವ್ವ ಕೈ ಚೆಲ್ಲಿ ಬಿಟ್ಟಿದ್ಲು, ತಿಣಕು ಅಂದ್ರ ತಿಣಕವಲ್ಲಳು. ಹಿಂದಿನಿಂದ ಹಿಡಿಯಾಕ ಗಟ್ಟಿ ಕೈ ಬೇಕು, ಯಮನವ್ವನ್ನ ಕರೀರಿ ಅಂತ ಸೂಲಗಿತ್ತಿ ಅಂದ್ಲು. ಯಮನವ್ವ ಗಿಡದ ಕಡೆ ನೋಡಿದ್ಲು, ಒಳಗ ನೋಡಿದ್ಲು. ಮರಿ ಆದಾಗಿಂದ ಗಿಡದ ಕಾವಲು ಬಿಟ್ಟು ಒಳಗ ಹೋಗಿ ಕುಂತದ್ದು ಅದೊಂದ ಸರತಿ. ಹೋಗದ ಏನು ಮಾಡತಾಳ?

ಜರಾ ಹೊತ್ತಿಗೆ ಹಿತ್ತಲದಾಗ ಗುಬ್ಬಿಗಳು ಒದರಾಕ ಹತ್ತಿದುವು. ದಿನದ ಒದರಾಟ ಅಲ್ಲ ಅದು. ಯಮನವ್ವ ಓಡಿದ್ಲು. ಎಲಿ ಹರದು ಚಿಂದಿ ಆಗಿ ಜೋತಾಡತಿತ್ತು, ಹತ್ತಿ ಕೆಳಗ ಬಿದ್ದಿತ್ತು. ಮರಿ ಇಲ್ಲ. ಬೇಲಿ ಆಚಿ ಕೆಂಪು ರೆಕ್ಕಿ ಮುಳಗೂದು ಕಂಡಿತಂತ. ಅವ್ವ ಅಪ್ಪ ಎರಡೂ ಆ ಟೊಂಗಿಯಿಂದ ಈ ಟೊಂಗಿಗೆ, ಈ ಟೊಂಗಿಯಿಂದ ಆ ಟೊಂಗಿಗೆ. ಯಮನವ್ವ ಒಂದು ಗಳಿಗಿ ಅಲ್ಲೇ ನಿಂತ್ಲು. ಕಾಲಿಗೆ ದಾರಿ ಇತ್ತು, ಹಿತ್ತಲ ಬಾಗಲ ತೆರದಿತ್ತು, ಹಂಗ ಹೋಗಿಬಿಟ್ಟಿದ್ರ ಯಾರೂ ತಡೀತಿರಲಿಲ್ಲ. ಹೋಗಲಿಲ್ಲ. ಸೆರಗಿಲೆ ಮುಖ ಒರಸಿಕೊಂಡು ಒಳಗ ಬಂದ್ಲು.

ನಿಂಬೆವ್ವ ಕೇಳಿದ್ಲು, ಅವು ಯಾಕ ಹಿಂಗ ಒದರಾಕತ್ತಾವ ಅಂತ.

“ಹಾರಿದುವು ನನ್ನವ್ವ,” ಅಂದ್ಲು ಯಮನವ್ವ. “ಎರಡೂ ಹಾರಿದುವು. ನಾ ನೋಡಿ ಬಂದೆ. ಹೊಸಾ ರೆಕ್ಕಿ, ದಾರಿ ತಪ್ಪೀತು ಅಂತ ಅವ್ವ ಅಪ್ಪ ಕರಿಯಾಕತ್ತಾವ.”

ನಿಂಬೆವ್ವ ಅಕಿ ಮುಖಾನ ನೋಡಿದ್ಲಂತ. ನೋಡಿ, ಯಮನವ್ವನ ಕೈ ಗಟ್ಟಿ ಹಿಡದು ತಿಣಕಿದ್ಲು. ಹೊತ್ತು ಮುಳಗೂದರೊಳಗ ಹೆಣ್ಣು ಕೂಸು ಹುಟ್ಟಿತು. ಒದರಿತು ನೋಡ್ರಿ, ಗಾಣದಾಗ ಇದ್ದವರಿಗೆ ಕೇಳೂವಂಗ ಒದರಿತು.

ಯಮನವ್ವ ಹೊರಗ ಬಂದ್ಲು. ಹೋಳಿಗಿ ಇರಲಿಲ್ಲ, ಒಂದು ಚೂರು ರೊಟ್ಟಿ ಕೌದಿ ಒಳಗ ಇಟ್ಟು ಕೊನೀ ಗೇಣು ಹೊಲದು ಮುಗಿಸಿದ್ಲು, ಮಡಚಿ ಬಾಗಲದಾಗ ಇಟ್ಟು ಹೊಂಟುಹೋದ್ಲು. ಯಾರಿಗೂ ಹೇಳಲಿಲ್ಲ. ಆಮ್ಯಾಲ ಸುತ್ತಲಿನ ಎಲ್ಲಾ ಊರಿಗೂ ಹೋದ್ಲಂತ, ಆ ಊರಿಗೆ ಮಾತ್ರ ಸಾಯೂತನಕ ಕಾಲಿಡಲಿಲ್ಲ. ಸುಳ್ಳು ಹೇಳಿದಾಕಿ ಆ ಮುಖ ಹ್ಯಾಂಗ ನೋಡತಾಳ ಅಂತ ಜನ ಹೇಳ್ತಾರ. ನಾ ಹಂಗ ಅನ್ನಂಗಿಲ್ಲ. ಆ ಕೂಸು ನಿಲ್ಲದಿದ್ರ ಅಂತ ಅಂಜಿಕಿ ಅಕಿಗೆ. ಆ ಅಂಜಿಕಿ ಅಕಿನ್ನ ಊರಿಂದೂರಿಗೆ ಓಡಿಸಿತು.

ಕೂಸು ನಿಂತಿತು. ಬೆಳೀತು, ಮದಿವ್ಯಾತು, ಮೊದಲನೇ ಹೆರಿಗಿಗೆ ತವರಿಗೆ ಬಂತು. ಬ್ಯಾನಿ ಹೆಚ್ಚಾಗಿ ಅಂಜಿ ಅಳಾಕ ಹತ್ತಿದಾಗ ನಿಂಬೆವ್ವ ಮಗಳ ತಲಿ ತೊಡಿ ಮ್ಯಾಲ ಇಟಗೊಂಡು, ಅಷ್ಟು ವರ್ಷ ಬಾಯಿ ಬಿಡದ ಮಾತು ಹೇಳಿದ್ಲಂತ.

“ಅವತ್ತು ಹಿತ್ತಲ ಗ್ವಾಡಿ ಬೆಳಕಿಂಡ್ಯಾಗಿಂದ ನಾ ಎಲ್ಲಾ ನೋಡಿದ್ದೆ. ಕೆಂಪು ರೆಕ್ಕಿ ಗಿಡದಾಗ ಇಳದದ್ದು, ಮರಿ ಒಯ್ದದ್ದು, ಎಲ್ಲಾ. ನೋಡಿದ್ರೂ ಅಕಿನ್ನ ಕೇಳಿದೆ. ಮೊದಲಿನ ಎರಡು ಕೂಸು ಹೋದಾಗ ಎಲ್ಲಾರೂ ನನಗ ಖರೇನ ಹೇಳಿದ್ರು. ಅಕಿ ಒಬ್ಬಾಕಿ ನನ್ನ ಸಲುವಾಗಿ ಸುಳ್ಳು ಹೇಳಿದ್ಲು. ಆ ಸುಳ್ಳಿನ ಕೈ ಹಿಡಕೊಂಡು ನಿನ್ನ ಹಡದೆ.”

ಅಂದು ಮಗಳ ತಲಿ ಕೆಳಗ ದಿಂಬು ಇಟ್ಟು, ಎದ್ದು ಹಿತ್ತಲಕ ಹೋಗಿ ಗಿಡ ನೋಡಿ ಬಂದು, ಬಾಗಲದಾಗ ನಿಂತು, ಎರಡೂ ಹಾರಿದುವು, ನಾ ನೋಡಿ ಬಂದೆ ಅಂದ್ಲಂತ.

ಅವತ್ತಿನಿಂದ ಇವತ್ತಿನತನಕ ನಮ್ಮ ಐದೂರಾಗ ಹಂಗ ನಡದೈತಿ. ಬ್ಯಾನಿ ಬಿಗಿ ಆದಾಗ ಹಡಿಯಾಕಿಗೆ ಬೇಕಾದಾಕಿ ಒಬ್ಬಾಕಿ ಎದ್ದು ಹೊರಗ ಹೋಗಬೇಕು, ಗಿಡ ನೋಡಬೇಕು, ಬಂದು ಆ ಮಾತು ಹೇಳಬೇಕು. ಗೂಡು ಇತ್ತೋ ಇಲ್ಲೋ ಯಾರೂ ಕೇಳಂಗಿಲ್ಲ. ಈಗ ದವಾಖಾನ್ಯಾಗ ಹಡೀತಾರ, ಅಲ್ಲಿ ಕಂಪೌಂಡಿನ್ಯಾಗ ಒಂದು ಬೇವಿನ ಗಿಡ ಐತಿ, ಅದನ್ನ ನೋಡಿ ಬಂದು ಹೇಳ್ತಾರ. ನರ್ಸಬಾಯಿಯೋರು ಮೊದಲು ನಗತಿದ್ರು, ಈಗ ತಾವ ದಾರಿ ಬಿಡತಾರ.

ನಾನೂ ಹೇಳೀನಿ, ಭಾಳ ಮಂದಿಗೆ ಹೇಳೀನಿ. ನನ್ನ ಮಗಳಿಗೂ ಹೇಳಿದೆ. ಅಕಿ ಕೂಸು ಉಳೀಲಿಲ್ಲ. ಅಕಿ ಮುಂದ ಹೋಗಿ ನಿಂದರಾಕ ನನಗ ಕಾಲ ಬರಲಿಲ್ಲ. ಎರಡು ದಿನ ಹೊರಗ ಕುಂತಿದ್ದೆ, ಎದ್ದು ಎಲ್ಲಿಗರ ಹೋಗಿಬಿಡೂಣು ಅನಸ್ತು. ಮೂರನೇ ದಿನ ಅಕೀನ ಕರಸಿದ್ಲು. ತಪ್ಪಾತು ಮಗಳ ಅನ್ನಬೇಕು ಅಂತ ಹೋದೆ. ನನಗ ಬಾಯಿ ತಗಿಯಾಕ ಬಿಡಲಿಲ್ಲ.

“ಯವ್ವಾ,” ಅಂದ್ಲು, “ಮುಂದಿನ ಸರತೀನೂ ನೀನ ನೋಡಿ ಬಂದು ಹೇಳು.”